ಹಾಡಿಗೆ ತಕ್ಕ ಜಾಗ, ಜಾಗಕ್ಕೆ ತಕ್ಕ ಪಾತ್ರ: ಕಾಲೇಜು ತಂಡದ ಮ್ಯೂಸಿಕ್ ವಿಡಿಯೊಗೆ ತಯಾರಿ

ಕಾಲೇಜಿನ ತಂಡವೊಂದು ಮ್ಯೂಸಿಕ್ ವಿಡಿಯೊ ಮಾಡಲು ಕೂತರೆ ಮೊದಲು ಸಿದ್ಧವಾಗುವುದು ಜಾಗಗಳ ಪಟ್ಟಿ. ಮೈಸೂರಿನವರಾದರೆ ಚಾಮುಂಡಿ ಬೆಟ್ಟ, ದೇವರಾಜ ಮಾರುಕಟ್ಟೆ, ಕುಕ್ಕರಹಳ್ಳಿ ಕೆರೆ, ಬಲಮುರಿ, ಗುಂಡ್ಲುಪೇಟೆ ಕಡೆಯ ಸೂರ್ಯಕಾಂತಿ ಹೊಲ, ರಾತ್ರಿಯ ರಿಂಗ್ ರೋಡು. ಆರು ಜಾಗ, ಎರಡು ದಿನ. ಪಟ್ಟಿ ನೋಡಲು ಚೆಂದ, ಲೆಕ್ಕ ಮಾತ್ರ ಕೂಡುವುದಿಲ್ಲ.

ಒಂದು ಜಾಗದಿಂದ ಇನ್ನೊಂದಕ್ಕೆ ತಂಡ ಸಾಗಲು, ಊರೊಳಗೇ ಆದರೂ, ಒಂದೂವರೆ ಗಂಟೆ ಹಿಡಿಯಿರಿ. ಸಾಮಾನು ಕಟ್ಟಲು 20 ನಿಮಿಷ, ದಾರಿಗೆ 40, ಇಳಿಸಿಕೊಂಡು ಮೊದಲ ಶಾಟ್‌ಗೆ ಅಣಿಯಾಗಲು 30. ದಿನಕ್ಕೆ ಮೂರು ಜಾಗ ಅಂದರೆ ಎರಡು ಸಲ ಸಾಗಾಟ. ಮೂರು ಗಂಟೆ ಗಾಡಿಯಲ್ಲೇ ಹೋಯಿತು. ನಡುಮಧ್ಯಾಹ್ನದ ಬಿಸಿಲು ಹೊರಾಂಗಣಕ್ಕೆ ಬಾರದು, ಊಟಕ್ಕೊಂದು ಗಂಟೆ ಬೇಕು. ಕೈಗೆ ಉಳಿಯುವುದು ಐದಾರು ಗಂಟೆ. ಹೊಸ ತಂಡ ಗಂಟೆಗೆ ನಾಲ್ಕು ಶಾಟ್ ತೆಗೆದರೆ ಅದೇ ದೊಡ್ಡದು. ದಿನಕ್ಕೆ ಇಪ್ಪತ್ತು, ಇಪ್ಪತ್ತೆರಡು ಶಾಟ್. ಎರಡು ದಿನಕ್ಕೆ ನಲವತ್ತರ ಮೇಲೆ ಸ್ವಲ್ಪ. ಮೂರೂವರೆ ನಿಮಿಷದ ಹಾಡಿಗೆ ಐವತ್ತೈದು, ಅರವತ್ತು ಶಾಟ್ ಬೇಕಾಗುತ್ತವೆ. ಹೀಗಾಗಿ ಎಡಿಟಿಂಗ್‌ನಲ್ಲಿ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಸರಕು ಖಾಲಿಯಾಗಿ, ಅದೇ ಕೆರೆ ದಂಡೆ ನಡಿಗೆ ನಾಲ್ಕನೇ ಸಲ ತೆರೆಯ ಮೇಲೆ ಬರುತ್ತದೆ.

ಆದ್ದರಿಂದ ಕೆಲಸ ಹಾಡಿನಿಂದ ಶುರುವಾಗಲಿ. ಹಾಡಿನ ಅಳತೆ ಕೈಗೆ ಬಂದ ಮೇಲೆ ಪಾತ್ರ ಮತ್ತು ಜಾಗವನ್ನು ಒಟ್ಟಿಗೇ ಗೊತ್ತು ಮಾಡಿ. ಪಾತ್ರಕ್ಕೆ ಅಲ್ಲಿ ಏನು ಕೆಲಸ ಎಂದು ಒಂದು ಸಾಲಿನಲ್ಲಿ ಹೇಳಲಾಗದಿದ್ದರೆ ಆ ಜಾಗವನ್ನು ಪಟ್ಟಿಯಿಂದ ಹೊಡೆದುಹಾಕಿ.

ಇಲ್ಲಿ ಕೊನೆಯವರೆಗೂ ಒಂದೇ ಉದಾಹರಣೆ ಹಿಡಿದು ಹೋಗೋಣ. ಹಾಡು ತಂಡದ ಸ್ವಂತ ರಚನೆ. ಹುಡುಗ ಮೈಸೂರಿನ ಹಾಸ್ಟೆಲಿನಲ್ಲಿದ್ದಾನೆ, ಅವ್ವ ನಂಜನಗೂಡು ಕಡೆಯ ಹಳ್ಳಿಯಲ್ಲಿ. ಅವ್ವ ಬುತ್ತಿ ಕಟ್ಟಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಾಳೆ, ಹುಡುಗ ಈ ಕಡೆ ಇಸ್ಕೊಳ್ಳುತ್ತಾನೆ. ಪಾತ್ರ ಮೂರು: ಹುಡುಗ, ಅವ್ವ, ಕಂಡಕ್ಟರ್. ಮೂವರನ್ನೂ ಕಟ್ಟಿಹಾಕುವ ವಸ್ತು ಒಂದು ವೈರ್ ಬ್ಯಾಗು, ಅದರೊಳಗೊಂದು ಸ್ಟೀಲ್ ಡಬ್ಬಿ.

ಹಾಡನ್ನು ತುಂಡು ಮಾಡಿ

ಹಾಡಿನ ಉದ್ದ 3 ನಿಮಿಷ 40 ಸೆಕೆಂಡು, ವೇಗ ನಿಮಿಷಕ್ಕೆ 96 ಬೀಟ್ ಎಂದಿಟ್ಟುಕೊಳ್ಳಿ. ನಾಲ್ಕು ಬೀಟಿನ ಒಂದು ಬಾರ್‌ಗೆ ಸರಿಯಾಗಿ 2.5 ಸೆಕೆಂಡು. ಇಡೀ ಹಾಡು 88 ಬಾರ್. ಬೇರೆ ವೇಗದ ಹಾಡಾದರೆ 240ನ್ನು ಬೀಟಿನ ಸಂಖ್ಯೆಯಿಂದ ಭಾಗಿಸಿ, ಒಂದು ಬಾರ್‌ನ ಸೆಕೆಂಡು ಸಿಗುತ್ತದೆ. ಈಗ ಭಾಗಗಳಿಗೆ ಚಿಕ್ಕ ಸಂಕೇತ ಕೊಟ್ಟು ಬರೆದುಕೊಳ್ಳಿ:

ಆ — ಆರಂಭದ ಬಿಟ್, 0:00ರಿಂದ 0:20
ಪ1 — ಪಲ್ಲವಿ, 0:20ರಿಂದ 1:00
ಬಿ1 — ಮೊದಲ ಬಿಜಿಎಂ (ಸಾಹಿತ್ಯವಿಲ್ಲದ ಬರೀ ವಾದ್ಯ), 1:00ರಿಂದ 1:20
ಚ1 — ಮೊದಲ ಚರಣ, 1:20ರಿಂದ 2:00
ಪ2 — ಪಲ್ಲವಿ ಮರುಕಳಿಕೆ, 2:00ರಿಂದ 2:20
ಬಿ2 — ಎರಡನೇ ಬಿಜಿಎಂ, 2:20ರಿಂದ 2:40
ಚ2 — ಎರಡನೇ ಚರಣ, 2:40ರಿಂದ 3:20
ಪ3 — ಮುಕ್ತಾಯದ ಪಲ್ಲವಿ, 3:20ರಿಂದ 3:40

ಈ ಸಂಕೇತಗಳೇ ಮುಂದೆ ಕ್ಲ್ಯಾಪ್ ಬೋರ್ಡಿಗೂ ಫೈಲಿನ ಹೆಸರಿಗೂ ಬರುತ್ತವೆ. ‘ಚ1, ಶಾಟ್ 4, ಟೇಕ್ 2’ ಎಂದು ಬೋರ್ಡಿನಲ್ಲಿದ್ದರೆ ಎಡಿಟ್ ಮಾಡುವವರು ನಿಮಗೆ ರಾತ್ರಿ ಹನ್ನೆರಡಕ್ಕೆ ಫೋನ್ ಮಾಡುವುದಿಲ್ಲ.

ಮುಂದಿನ ತೀರ್ಮಾನ ತುಟಿ ಚಲನೆಯದ್ದು. ಎಲ್ಲ ಭಾಗದಲ್ಲೂ ಹುಡುಗ ಹಾಡಿಕೊಂಡೇ ಇದ್ದರೆ ಕಥೆ ನಿಲ್ಲುತ್ತದೆ. ಪ1 ಮತ್ತು ಪ3ರಲ್ಲಿ ಲಿಪ್ ಸಿಂಕ್ ಇರಲಿ, ಚ1ರಲ್ಲಿ ಅರ್ಧ. ಬಿಜಿಎಂಗಳಲ್ಲಿ ಬರೀ ಕಥೆ. ಅವ್ವ ಎಲ್ಲೂ ತುಟಿ ಆಡಿಸುವುದು ಬೇಡ. ಇದು ರುಚಿಯ ಮಾತಷ್ಟೇ ಅಲ್ಲ, ಜಾಗಕ್ಕೂ ಇದರ ನಂಟಿದೆ: ಲಿಪ್ ಸಿಂಕ್ ಇರುವ ಕಡೆ ಹಾಡನ್ನು ಜೋರಾಗಿ ಹಾಕಬೇಕು, ಅದಿಲ್ಲದ ಕಡೆ ಸದ್ದಿಲ್ಲದೆ ಕೆಲಸ ಮುಗಿಯುತ್ತದೆ.

ಎಷ್ಟು ಜಾಗ?

ಎರಡು ದಿನಕ್ಕೆ ಎರಡು ನೆಲೆ. ಒಂದೊಂದು ನೆಲೆಯಲ್ಲೂ ನಡೆದು ಹೋಗುವಷ್ಟು ದೂರದಲ್ಲಿ ಎರಡು, ಮೂರು ಮೂಲೆ. ಸ್ಥಳಾಂತರ ಎಂದರೆ ಗಾಡಿ ಹತ್ತುವುದು. ಅಂಗಳದಿಂದ ಅಡುಗೆಮನೆಗೆ ಹೋಗುವುದು ಸ್ಥಳಾಂತರವಲ್ಲ.

ನಮ್ಮ ಉದಾಹರಣೆಯಲ್ಲಿ ಮೊದಲ ದಿನ ಹಳ್ಳಿ: ಅವ್ವನ ಅಡುಗೆಮನೆ, ಜಗಲಿ, ಅರಳಿಕಟ್ಟೆ ಪಕ್ಕದ ಬಸ್ ಸ್ಟಾಪು. ಎರಡನೇ ದಿನ ಮೈಸೂರು: ಹಾಸ್ಟೆಲ್ ಕೋಣೆ, ಅದರ ಕಾರಿಡಾರು, ತಾರಸಿ. ಹಾಗಾದರೆ ಹುಡುಗ ಬ್ಯಾಗ್ ಇಸ್ಕೊಳ್ಳುವ ಬಸ್ ನಿಲ್ದಾಣ ಎಲ್ಲಿ? ಅದೂ ಹಳ್ಳಿಯಲ್ಲೇ, ಅದೇ ಬಸ್ಸಿನಲ್ಲೇ.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ನಿಜವಾದ ಕೆಎಸ್‌ಆರ್‌ಟಿಸಿ ನಿಲ್ದಾಣದೊಳಗೆ ಶೂಟಿಂಗ್‌ಗೆ ನಿಗಮದ ಅನುಮತಿ ಬೇಕು. ಸಿಕ್ಕರೂ ಜನ ಕ್ಯಾಮೆರಾ ನೋಡುತ್ತಾರೆ, ಬಸ್ಸು ನಿಮಗಾಗಿ ನಿಲ್ಲುವುದಿಲ್ಲ. ಬದಲಿಗೆ ಆ ದಿನ ರೂಟಿಗೆ ಹೋಗದ ಒಂದು ಖಾಸಗಿ ಬಸ್ಸನ್ನು ಮಾಲೀಕರ ಜತೆ ಮಾತಾಡಿ ಗೊತ್ತು ಮಾಡಿ. ಚಾಲಕನನ್ನೂ ಅವರೇ ಕಳಿಸಲಿ. ಕಾಲೇಜಿನ ಹಳದಿ ಬಸ್ಸು ಪುಕ್ಕಟೆ ಸಿಗಬಹುದು, ಆದರೆ ಅದು ರೂಟ್ ಬಸ್ ಎಂದು ಯಾರೂ ನಂಬುವುದಿಲ್ಲ.

ನಮ್ಮ ಬಸ್ಸುಗಳ ಬಾಗಿಲು ಎಡಬದಿಗೆ. ಬಸ್ಸಿನ ಮುಖ ದಕ್ಷಿಣಕ್ಕೆ ನಿಲ್ಲಿಸಿದರೆ ಬಾಗಿಲು ಪೂರ್ವಕ್ಕೆ ಬರುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಹೀಗೆ ನಿಲ್ಲಿಸಿ ಅವ್ವ ಬ್ಯಾಗ್ ಕೊಡುವುದನ್ನು ತೆಗೆಯಿರಿ; ಎಳೆ ಬಿಸಿಲು ಬಾಗಿಲಲ್ಲಿ ನಿಂತ ಕಂಡಕ್ಟರ್ ಮುಖಕ್ಕೂ ಮೆಟ್ಟಿಲಿಗೂ ನೇರ ಬೀಳುತ್ತದೆ, ಹಿಂದೆ ಅರಳಿಮರ ಇರಲಿ. ಸಂಜೆ ನಾಲ್ಕೂವರೆಗೆ ಅದೇ ಬಸ್ಸನ್ನು ಊರಾಚೆಯ ಯಾವುದಾದರೂ ಸಿಮೆಂಟ್ ಗೋಡೆಯ ಬಳಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ. ಈಗ ಬಾಗಿಲು ಪಶ್ಚಿಮಕ್ಕೆ. ಇಳಿಬಿಸಿಲಿನಲ್ಲಿ ಹುಡುಗ ಬ್ಯಾಗ್ ಇಸ್ಕೊಳ್ಳುತ್ತಾನೆ. ಫ್ರೇಮಿನಲ್ಲಿ ಮೆಟ್ಟಿಲು, ಕಂಬಿ ಹಿಡಿದ ಕೈ, ಕಿಟಕಿಯ ಎರಡು ಸರಳು, ಹಿಂದೆ ಹಾದುಹೋಗುವ ನಾಲ್ಕೈದು ಜನ, ಇಷ್ಟೇ. ನಿಲ್ದಾಣದ ವೈಡ್ ಶಾಟ್ ಬೇಕೇ ಬೇಕೆಂದರೆ ಎರಡನೇ ದಿನ ಹೊರಗಿನ ರಸ್ತೆಯ ಫುಟ್‌ಪಾತಿನಿಂದ ಕೈಯಲ್ಲೇ ಹಿಡಿದು 4 ಸೆಕೆಂಡು ತೆಗೆಯಿರಿ. ಎರಡನ್ನೂ ಕೂಡಿಸಿದಾಗ ನೋಡುವವರಿಗೆ ಇದು ಮೈಸೂರೇ.

ಬಸ್ಸಿನ ಮೇಲಿನ ಊರಿನ ಬೋರ್ಡು ಮರೆಯದಿರಿ. ಮಾಲೀಕರ ಒಪ್ಪಿಗೆ ಪಡೆದು ನಿಮ್ಮ ಕಥೆಯ ಊರಿನ ಹೆಸರು ಅಂಟಿಸಿ, ಇಲ್ಲವೇ ಅದು ಫ್ರೇಮಿಗೆ ಬಾರದಂತೆ ನೋಡಿಕೊಳ್ಳಿ. ಹುಬ್ಬಳ್ಳಿ ಎಂದು ಬರೆದ ಬಸ್ಸು ನಂಜನಗೂಡಿನ ಹಳ್ಳಿಯಲ್ಲಿ ನಿಂತಿದ್ದರೆ ಕಮೆಂಟ್ ಹಾಕುವವರು ಅದನ್ನೇ ಮೊದಲು ಹಿಡಿಯುತ್ತಾರೆ.

ಲೊಕೇಶನ್ ನೋಡಲು ಹೋದಾಗ

ಶೂಟ್ ಮಾಡುವ ಹೊತ್ತಿಗೇ ಹೋಗಿ. ಬೆಳಿಗ್ಗೆ ಏಳರ ದೃಶ್ಯಕ್ಕೆ ಸಂಜೆ ಐದಕ್ಕೆ ಹೋಗಿ ಜಾಗ ನೋಡಿ ಬಂದರೆ ಬೆಳಕು ಎದುರಿಗೆ ಬರುತ್ತದೋ ಬೆನ್ನಿಗೆ ಬರುತ್ತದೋ ಗೊತ್ತಾಗುವುದಿಲ್ಲ. ಕುಕ್ಕರಹಳ್ಳಿ ಕೆರೆಯನ್ನು ಮಧ್ಯಾಹ್ನ ನೋಡಿದವರಿಗೆ ಅದು ನಿರ್ಜನ ಅನ್ನಿಸುತ್ತದೆ. ಬೆಳಿಗ್ಗೆ, ಸಂಜೆ ಅಲ್ಲಿ ವಾಕಿಂಗ್ ಮಾಡುವವರ ಸಾಲು. ಅದು ಮೈಸೂರು ವಿಶ್ವವಿದ್ಯಾನಿಲಯದ ಆಸ್ತಿ, ಸ್ಪೀಕರ್ ಹಾಕಿ ಹಾಡಿಸುವ ಜಾಗವಲ್ಲ.

ಸೂರ್ಯನ ಲೆಕ್ಕ ಸ್ವಲ್ಪ ತಿಳಿದಿರಲಿ. ಮೈಸೂರಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಆರೂವರೆ ದಾಟಿ ಹುಟ್ಟುತ್ತಾನೆ, ಆರರ ಸುಮಾರಿಗೆ ಮುಳುಗುತ್ತಾನೆ. ಜೂನ್‌ನಲ್ಲಿ ಆರಕ್ಕೆ ಹುಟ್ಟಿ ಆರೂಮುಕ್ಕಾಲು ದಾಟಿ ಮುಳುಗುತ್ತಾನೆ. ವಿದೇಶದ ಯೂಟ್ಯೂಬ್ ಪಾಠಗಳಲ್ಲಿ ಹೇಳುವ ‘ಗೋಲ್ಡನ್ ಅವರ್’ ನಮ್ಮಲ್ಲಿ ಒಂದು ಗಂಟೆ ಇರುವುದಿಲ್ಲ. ನಾವು ಭೂಮಧ್ಯರೇಖೆಗೆ ಹತ್ತಿರ, ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಹೊಂಬಣ್ಣದ ಬೆಳಕು ಸಿಗುವುದು ಅರ್ಧ ಗಂಟೆ. ಅಷ್ಟರಲ್ಲಿ ಎರಡು ಶಾಟ್ ಆಗುತ್ತವೆ, ಆರಲ್ಲ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮೂರನೇ ವಾರದ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ಹುಬ್ಬಿನ ನೆರಳು ಕಣ್ಣನ್ನು ಮುಚ್ಚಿ ಎಲ್ಲರೂ ನಿದ್ದೆಗೆಟ್ಟವರಂತೆ ಕಾಣುತ್ತಾರೆ. ಹನ್ನೊಂದರಿಂದ ಮೂರರವರೆಗೆ ಒಳಾಂಗಣ ಇಟ್ಟುಕೊಳ್ಳಿ. ಅವ್ವನ ಅಡುಗೆಮನೆ ಆ ಹೊತ್ತಿಗೆ ಹೇಳಿ ಮಾಡಿಸಿದ್ದು: ಕಿಟಕಿಯ ಒಂದೇ ಬೆಳಕು, ಅದನ್ನು ಮರಳಿ ಮುಖಕ್ಕೆ ಬೀಳಿಸಲು ಎದುರು ಬದಿಗೆ ಒಂದು ಬಿಳಿ ಥರ್ಮೋಕೋಲ್ ಹಾಳೆ, ಅಷ್ಟು ಸಾಕು.

ಋತುವನ್ನು ಮರೆತು ಕೆಡುವವರೂ ಕಡಿಮೆಯಿಲ್ಲ. ಗುಂಡ್ಲುಪೇಟೆಯ ಸೂರ್ಯಕಾಂತಿ ಜೂನ್‌ನಿಂದ ಆಗಸ್ಟ್‌ವರೆಗಿನ ಆಟ. ಮಂಡ್ಯದ ನಾಲೆ ಬಯಲಿನ ಮುಂಗಾರು ಭತ್ತ ಸೆಪ್ಟೆಂಬರ್‌ನಲ್ಲಿ ಹಸಿರು, ಡಿಸೆಂಬರ್ ಹೊತ್ತಿಗೆ ಹೊನ್ನು ಅಥವಾ ಬರೀ ಕೂಳೆ. ಜಾಗ ನೋಡಿದ ದಿನಕ್ಕೂ ಶೂಟಿಂಗ್‌ಗೂ ನಡುವೆ ಮೂರು ವಾರ ದಾಟಿದರೆ ಹಿಂದಿನ ದಿನ ಅಲ್ಲಿನವರಿಂದ ಒಂದು ಫೋಟೊ ತರಿಸಿಕೊಳ್ಳಿ. ಹೊಲದೊಳಗೆ ಇಳಿಯುವ ಮುನ್ನ ರೈತರನ್ನು ಕೇಳಿ, ಬದುವಿನ ಮೇಲೇ ನಡೆಯಿರಿ. ಪೈರು ತುಳಿದ ಮೇಲೆ ಕೈಮುಗಿದರೆ ಪ್ರಯೋಜನವಿಲ್ಲ.

ಪ್ರತಿ ಜಾಗಕ್ಕೂ ಬರೆದುಕೊಳ್ಳಬೇಕಾದ್ದು: ಫೋನಿನ ದಿಕ್ಸೂಚಿ ಹಿಡಿದು ಮುಖ್ಯ ಫ್ರೇಮ್ ಯಾವ ದಿಕ್ಕಿಗೆ, ಬೀಗದ ಕೈ ಯಾರ ಹತ್ತಿರ, ಹತ್ತಿರದ ಶಾಲೆ, ಆಸ್ಪತ್ರೆ, ಪೂಜಾಸ್ಥಳ, ಗಾಡಿ ಎಲ್ಲಿ ನಿಲ್ಲುತ್ತದೆ, ಶೌಚಾಲಯ ಮತ್ತು ಬಟ್ಟೆ ಬದಲಾಯಿಸಲು ಬಾಗಿಲಿರುವ ಒಂದು ಕೋಣೆ. ಕೊನೆಯದು ಇಲ್ಲದ ಜಾಗ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ಹುಡುಗಿಯರು ಇಡೀ ದಿನ ನೀರು ಕುಡಿಯದೆ ಕೆಲಸ ಮಾಡುವ ಸೆಟ್ ನಡೆಸುವ ಹಕ್ಕು ಯಾರಿಗೂ ಇಲ್ಲ.

ಕರೆಂಟ್: ಮನೆಯ ಸಣ್ಣ ಸಾಕೆಟ್ಟು 6 ಆಂಪಿಯರ್‌ನದು. ಎಲ್‌ಇಡಿ ಲೈಟುಗಳಿಗೆ ಧಾರಾಳ, ಸಾವಿರ ವಾಟಿನ ಹ್ಯಾಲೊಜನ್‌ಗೆ ಮಾತ್ರ ದೊಡ್ಡ 16 ಆಂಪಿಯರ್ ಸಾಕೆಟ್ಟೇ ಒಳ್ಳೆಯದು. ಹಳ್ಳಿಯಲ್ಲಿ ಕರೆಂಟ್ ಹೋಗುವ ಹೊತ್ತು ಮನೆಯವರಿಗೆ ಗೊತ್ತಿರುತ್ತದೆ, ಕೇಳಿ ಬರೆದುಕೊಳ್ಳಿ.

ಟ್ಯೂಬ್‌ಲೈಟ್ ಇರುವ ಹಾಸ್ಟೆಲ್ ಕಾರಿಡಾರಿನಲ್ಲಿ ಫೋನ್ ಹಿಡಿದು 10 ಸೆಕೆಂಡು ರೆಕಾರ್ಡ್ ಮಾಡಿ ನೋಡಿ. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ಶಟರ್ ವೇಗ 1/50 ಅಥವಾ 1/100 ಸೆಕೆಂಡು ಇಟ್ಟರೆ ಚಿತ್ರ ಸ್ಥಿರ. 1/60ಕ್ಕೆ ಬಿಟ್ಟರೆ ಗೋಡೆಯ ಮೇಲೆ ಪಟ್ಟೆ ಪಟ್ಟೆಯಾಗಿ ಅಲೆ ಹರಿಯುತ್ತದೆ, ಎಡಿಟಿಂಗ್‌ನಲ್ಲಿ ತೆಗೆಯಲು ಒದ್ದಾಡಬೇಕಾಗುತ್ತದೆ. ಅಗ್ಗದ ಎಲ್‌ಇಡಿ ಬಲ್ಬು ಕೆಲವೊಮ್ಮೆ 1/100ರಲ್ಲೂ ಮಿನುಗುತ್ತದೆ. ಅಂಥ ಬಲ್ಬನ್ನು ಆರಿಸಿ ನಿಮ್ಮ ಲೈಟ್ ಹಾಕಿ.

ಹಾಸ್ಟೆಲ್ ಕೋಣೆ ಸಾಮಾನ್ಯವಾಗಿ ಹತ್ತು, ಹನ್ನೆರಡು ಅಡಿಯದು. ಒಳಗೆ ನಾಲ್ಕು ಜನರಿಗಿಂತ ಹೆಚ್ಚು ನಿಲ್ಲಲಾಗದು. ಫೋನಿನ ಅಲ್ಟ್ರಾವೈಡ್ ಹಾಕಿದರೆ ಕೋಣೆ ದೊಡ್ಡದಾಗುತ್ತದೆ, ಜೊತೆಗೆ ಅಂಚಿನಲ್ಲಿರುವವರ ಮುಖ ಹಲಸಿನಕಾಯಿ. ಎದುರು ಗೋಡೆಯ ಮಂಚವನ್ನು ಹೊರಗೆಳೆದು, ಬಾಗಿಲಾಚೆ ಕಾರಿಡಾರಿನಲ್ಲಿ ಕ್ಯಾಮೆರಾ ಇಟ್ಟು, ಬಾಗಿಲ ಚೌಕಟ್ಟಿನ ಮೂಲಕ ಒಳಗಿನದನ್ನು ತೆಗೆಯಿರಿ. ಒಂಟಿತನದ ಸಾಲಿಗೆ ಆ ಚೌಕಟ್ಟು ತಾನಾಗಿ ಒದಗುತ್ತದೆ.

ಯಾರನ್ನು ಕೇಳಬೇಕು

ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಪಿಡಿಒಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ: ದಿನಾಂಕ, ಸಮಯ, ಎಷ್ಟು ಜನ, ಯಾವ ಜಾಗ, ಹೊಣೆ ಹೊತ್ತ ಅಧ್ಯಾಪಕರ ಹೆಸರು ಮತ್ತು ಸಹಿ. ರಸ್ತೆಯ ಮೇಲೆ ಏನೇ ಮಾಡಿದರೂ ಅದರ ಪ್ರತಿ ಸ್ಥಳೀಯ ಪೊಲೀಸ್ ಠಾಣೆಗೂ ಹೋಗಲಿ. ಮನೆಯವರಿಂದ ನಾಲ್ಕು ಸಾಲಿನ ಒಪ್ಪಿಗೆ ಪತ್ರ. ಹಾಸ್ಟೆಲ್‌ಗೆ ವಾರ್ಡನ್ ಒಪ್ಪಿಗೆ. ಇಂಟರ್ನಲ್ಸ್ ನಡೆಯುವ ವಾರ ಕೇಳಲೇಬೇಡಿ.

ಸೋಮನಾಥಪುರ, ಹಂಪಿ, ಬೇಲೂರಿನಂಥ ಸಂರಕ್ಷಿತ ಸ್ಮಾರಕಗಳಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಟಿಕೆಟ್ ತೆಗೆದುಕೊಂಡು ಟ್ರೈಪಾಡ್ ಹಿಡಿದು ಹೋದರೆ ಗೇಟಿನಲ್ಲೇ ವಾಪಸ್. ರಂಗನತಿಟ್ಟು ಅರಣ್ಯ ಇಲಾಖೆಯದು, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯದು. ಎರಡು ದಿನದ ವಿದ್ಯಾರ್ಥಿ ಶೂಟಿಂಗ್‌ಗೆ ಈ ಓಡಾಟ ಸಾರ್ಥಕವಾಗುವುದು ಅಪರೂಪ. ಕಥೆಗೆ ಕಲ್ಲುಕಂಬವೇ ಬೇಕಾದರೆ ಸಂರಕ್ಷಿತ ಪಟ್ಟಿಯಲ್ಲಿಲ್ಲದ ಊರ ಮಂಟಪ ಹುಡುಕಿ. ಬಲಮುರಿಯಂಥ ಕಡೆ ನೀರಿಗಿಳಿಯುವ ದೃಶ್ಯ ಬರೆಯಲೇಬೇಡಿ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಟ್ಟ ಏರುವುದು ಕ್ಯಾಮೆರಾ ಹಿಂದಿರುವವರ ಗಮನಕ್ಕೆ ಬರುವುದೇ ಇಲ್ಲ.

ಡ್ರೋನ್ ಆಸೆ ಎಲ್ಲರಿಗೂ. 2021ರ ಡ್ರೋನ್ ನಿಯಮಗಳ ಪ್ರಕಾರ ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು, ಹಳದಿ, ಕೆಂಪು ಯಾವ ವಲಯದಲ್ಲಿದೆ ನೋಡಿ. ಹಸಿರಿನಲ್ಲಿ 400 ಅಡಿವರೆಗೆ ಮುಂಗಡ ಅನುಮತಿ ಬೇಡ. ಆದರೆ ಮೈಸೂರು ವಿಮಾನ ನಿಲ್ದಾಣ ಇರುವುದು ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲಿ. ನಮ್ಮ ಉದಾಹರಣೆಯ ಹಳ್ಳಿ ಅದಕ್ಕೆಷ್ಟು ಹತ್ತಿರ ಎಂಬುದರ ಮೇಲೆ ಡ್ರೋನ್ ಶಾಟ್ ಉಳಿಯುತ್ತದೋ ಅಳಿಯುತ್ತದೋ ನಿರ್ಧಾರ.

ಹಾಡು ಸಿನಿಮಾದ್ದಾದರೆ ಆಡಿಯೊ ಕಂಪನಿಯ ಹಕ್ಕು ಅದರ ಮೇಲಿರುತ್ತದೆ; ಯೂಟ್ಯೂಬ್‌ಗೆ ಏರಿಸಿದ ಕೂಡಲೇ ಕ್ಲೇಮ್ ಬರಬಹುದು, ವಿಡಿಯೊ ಮಾಯವಾಗಲೂಬಹುದು. ಸ್ವಂತ ಹಾಡಾದರೂ ಬರೆದವರು, ರಾಗ ಕಟ್ಟಿದವರು, ಹಾಡಿದವರು ಮೂವರಿಂದಲೂ ಬರಹದ ಒಪ್ಪಿಗೆ ಇಟ್ಟುಕೊಳ್ಳಿ. ಸ್ನೇಹ ಕೆಟ್ಟ ಮೇಲೆ ಆ ಹಾಳೆ ಬೆಲೆಬಾಳುತ್ತದೆ.

ಪಾತ್ರಗಳು

220 ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಜನರನ್ನು ನೋಡುವವರು ನೆನಪಿಟ್ಟುಕೊಳ್ಳುವುದಿಲ್ಲ. ನಾಲ್ಕನೆಯವರು ಬೇಕೆಂದರೆ ಗುಂಪಾಗಿ ಬರಲಿ: ಹಾಸ್ಟೆಲ್ ಗೆಳೆಯರು, ಬಸ್ಸಿನ ಪ್ರಯಾಣಿಕರು. ಮುಖ್ಯ ಮೂವರ ಮುಖ ಮೊದಲ ಒಂದು ನಿಮಿಷದಲ್ಲೇ ಒಮ್ಮೆಯಾದರೂ ಹತ್ತಿರದಿಂದ ಕಾಣಬೇಕು.

ಒಬ್ಬೊಬ್ಬರಿಗೂ ಅರ್ಧ ಪುಟದ ವಿವರ ಬರೆಯಿರಿ. ‘ಅವಳು ತುಂಬಾ ಪ್ರೀತಿಯ ತಾಯಿ’ ಎಂದು ಬರೆದರೆ ನಟಿಸುವವರಿಗೆ ಮಾಡಲು ಏನೂ ಸಿಗುವುದಿಲ್ಲ. ಅವ್ವನ ಹಾಳೆ ಹೀಗಿರಲಿ:

ವಯಸ್ಸು 45ರ ಆಸುಪಾಸು. ಬೇಕಾದ್ದು: ಬಸ್ಸು ಹೊರಡುವುದರೊಳಗೆ ಬ್ಯಾಗ್ ತಲುಪಿಸಬೇಕು. ಅಡ್ಡಿ: ಇವತ್ತು ಬಸ್ಸು ಐದು ನಿಮಿಷ ಮುಂಚೆಯೇ ಬಂದಿದೆ, ಹುಚ್ಚೆಳ್ಳು ಚಟ್ನಿ ಇನ್ನೂ ಒರಳಲ್ಲಿದೆ. ಕೈಕೆಲಸ: ರಾಗಿ ರೊಟ್ಟಿ ಮಡಚಿ ಡಬ್ಬಿಗೆ ಇಡುವುದು, ಮುಚ್ಚಳವನ್ನು ಅಂಗೈಯಿಂದ ಒತ್ತುವುದು, ಎಣ್ಣೆ ಸೋರದ ಹಾಗೆ ಹಳೇ ಟವೆಲ್ಲಿನಲ್ಲಿ ಗಂಟು ಹಾಕುವುದು. ಅಭ್ಯಾಸ: ಅವಸರದಲ್ಲಿ ಕೈ ಒರೆಸುವುದು ಸೆರಗಿಗೆ. ಬಟ್ಟೆ: ದಿನಬಳಕೆಯ ವಾಯಿಲ್ ಸೀರೆ, ಸಾಸಿವೆ ಬಣ್ಣ. ಕಾಣುವುದು: ಆ, ಬಿ1, ಚ1ರ ಅರ್ಧ, ಚ2ರ ಕೊನೆ.

ಈ ಹಾಳೆ ಇದ್ದರೆ ‘ಭಾವುಕರಾಗಿ’ ಎಂದು ಯಾರಿಗೂ ಹೇಳಬೇಕಾಗಿಲ್ಲ. ‘ಮುಚ್ಚಳ ಕೂರುತ್ತಿಲ್ಲ, ಹಾರ್ನ್ ಕೇಳಿಸಿತು’ ಎಂದರೆ ಸಾಕು, ಮುಖ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಹುಡುಗನಿಗೂ ಅಷ್ಟೇ: ಡಬ್ಬಿ ತೆರೆದು ಅಳುವುದು ಬೇಡ, ಗಂಟು ಬಿಚ್ಚಲು ಬಾರದೆ ಹಲ್ಲಿನಿಂದ ಬಿಚ್ಚಲಿ, ರೂಮ್‌ಮೇಟ್ ಕೈಹಾಕುವ ಮುಂಚೆ ಒಂದು ರೊಟ್ಟಿ ಬಚ್ಚಿಡಲಿ.

ಅವ್ವನ ಪಾತ್ರಕ್ಕೆ ಸಹಪಾಠಿಯ ತಲೆಗೆ ಪೌಡರ್ ಹಾಕಿ ನಿಲ್ಲಿಸುವುದು ಈ ಬಗೆಯ ವಿಡಿಯೊಗಳ ದೊಡ್ಡ ಶಾಪ. ಸ್ಕೂಲ್ ಡೇ ನಾಟಕ ಆಗಿಬಿಡುತ್ತದೆ. ತಂಡದ ಯಾರದಾದರೂ ತಾಯಿ, ಚಿಕ್ಕಮ್ಮ, ಹಾಸ್ಟೆಲ್ ಅಡುಗೆಯವರನ್ನು ಕೇಳಿ ನೋಡಿ. ಮಾತಿಲ್ಲದ, ಕೈಕೆಲಸದ ಪಾತ್ರವಾದ್ದರಿಂದ ಒಪ್ಪುವವರು ಸಿಗುತ್ತಾರೆ. ‘ಆಂಟಿ, ನೀವು ದಿನಾ ಮಾಡೋ ಹಾಗೇ ಮಾಡಿ, ಕ್ಯಾಮೆರಾ ನಾವು ನೋಡ್ಕೋತೀವಿ’ ಎಂದು ಹೇಳಿ, ನಿಜವಾಗಿಯೂ ರೊಟ್ಟಿ ತಟ್ಟಲು ಬಿಡಿ. ಯಾರೂ ಸಿಗದಿದ್ದರೆ ಮುಖ ತೋರಿಸುವ ಹಟ ಬಿಟ್ಟು ಕೈ, ಬೆನ್ನು, ಬಾಗಿಲಲ್ಲಿ ನಿಂತ ನೆರಳು, ಇಷ್ಟರಲ್ಲೇ ಅವ್ವನನ್ನು ಕಟ್ಟಿ. ಆಗ ಮುಖಕ್ಕೆ ಮೀಸಲಿಟ್ಟ ಶಾಟ್ ಕಂಡಕ್ಟರ್‌ಗೆ ಹೋಗುತ್ತದೆ.

ಬಟ್ಟೆ ಊರನ್ನು ಹೇಳಬೇಕು. ನಂಜನಗೂಡಿನ ಅವ್ವನಿಗೆ ಇಳಕಲ್ ಸೀರೆ, ಗುಳೇದಗುಡ್ಡ ಖಣದ ಕುಪ್ಪಸ ತೊಡಿಸಿದರೆ ಅವಳು ಬಾಗಲಕೋಟೆ ಕಡೆಯವಳಾಗುತ್ತಾಳೆ. ಬಣ್ಣವನ್ನು ಗೋಡೆ ನೋಡಿ ಆರಿಸಿ: ನೀಲಿ ಸುಣ್ಣದ ಗೋಡೆಯ ಮುಂದೆ ನೀಲಿ ಸೀರೆ ಮುಳುಗುತ್ತದೆ, ಸಾಸಿವೆ ಬಣ್ಣ ಎದ್ದು ನಿಲ್ಲುತ್ತದೆ. ಸಣ್ಣ ಗೆರೆ, ಸಣ್ಣ ಚೌಕಳಿಯ ಅಂಗಿ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಕುಣಿಯುತ್ತದೆ. ಅಚ್ಚ ಬಿಳಿ ಪಂಚೆ ಬಿಸಿಲಿನಲ್ಲಿ ಹೊಳೆದು ವಿವರ ಕಳೆದುಕೊಳ್ಳುತ್ತದೆ; ನಾಲ್ಕು ಸಲ ಒಗೆದ, ಸ್ವಲ್ಪ ಹಳದಿ ತಿರುಗಿದ್ದು ಒಳ್ಳೆಯದು. ಎದೆಯ ಮೇಲೆ ಕಂಪನಿ ಹೆಸರಿನ ಟೀ ಶರ್ಟ್ ಬೇಡ. ಕಂಡಕ್ಟರ್‌ಗೆ ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಕಿಸೆಯಲ್ಲಿ ಸೀಟಿ. ನಿಗಮದ ಬ್ಯಾಡ್ಜು, ಲಾಂಛನ ಬೇಡ.

ಹುಡುಗನಿಗೆ ಅಂಗಿ ಮೂರು. ಬಿ2ರ 20 ಸೆಕೆಂಡಿನಲ್ಲಿ ಮೂರು ಸಲ ಅಂಗಿ ಬದಲಾಗಿ, ಬ್ಯಾಗು ಮಾತ್ರ ಅದೇ ಆಗಿದ್ದರೆ ವಾರ ವಾರವೂ ಬುತ್ತಿ ಬರುತ್ತದೆ ಎಂಬುದು ಮಾತಿಲ್ಲದೆ ದಾಟುತ್ತದೆ. ಹಾಗಾಗಿ ಬ್ಯಾಗಿಗೆ ಜೋಡಿ ಬೇಕು: ಒಂದೇ ಬಣ್ಣದ ಎರಡು ವೈರ್ ಬ್ಯಾಗ್, ಎರಡು ಡಬ್ಬಿ. ಒಂದನ್ನು ಬಸ್ಸಿನಲ್ಲೇ ಮರೆತು ಬಂದರೆ ಎರಡನೇ ದಿನ ಕೈಚೆಲ್ಲಿ ಕೂರಬೇಕಾಗುವುದಿಲ್ಲ. ಎರಡು ದಿನಗಳ ನಡುವೆ ಅಂತರವಿದ್ದರೆ ಹುಡುಗ ಕಟಿಂಗ್ ಮಾಡಿಸಬಾರದು, ಗಡ್ಡ ಮುಟ್ಟಬಾರದು. ಶಾಟ್‌ನಿಂದ ಶಾಟ್‌ಗೆ ಬಟ್ಟೆ, ವಸ್ತು ಬದಲಾಗದಂತೆ ನೋಡಿಕೊಳ್ಳಲು ಒಬ್ಬರಿಗೆ ಕಂಟಿನ್ಯುಟಿ ಫೋಟೊ ತೆಗೆಯುವುದೇ ಕೆಲಸವಾಗಿರಲಿ: ಪ್ರತಿ ಶಾಟ್ ಮುಗಿದಾಗ ತಲೆಯಿಂದ ಕಾಲವರೆಗೆ ಒಂದು, ಕೈಯಲ್ಲಿರುವ ವಸ್ತುವಿನದೊಂದು.

ಹಾಡು ಹಾಕುವ ಜಾಗ

ಮ್ಯೂಸಿಕ್ ವಿಡಿಯೊದ ದೊಡ್ಡ ಅನುಕೂಲ, ಜಾಗದ ಗದ್ದಲ ಅಂತಿಮ ಚಿತ್ರಕ್ಕೆ ಬರುವುದಿಲ್ಲ. ಹಿಟ್ಟಿನ ಗಿರಣಿ ಪಕ್ಕದಲ್ಲೂ ಶೂಟ್ ಮಾಡಬಹುದು. ತೊಂದರೆ ಇನ್ನೊಂದು ಕಡೆಯಿಂದ: ನಿಮ್ಮ ಹಾಡೇ ಗದ್ದಲ. ಒಂದೇ ಸಾಲು ನಲವತ್ತು ಸಲ ಕೇಳಿದ ಊರಿನವರಿಗೆ ಸಿಟ್ಟು ಬರುವುದು ಸಹಜ. ಲಿಪ್ ಸಿಂಕ್ ಭಾಗಗಳನ್ನು ತಾರಸಿಗೋ ಊರಾಚೆಗೋ ಒಯ್ಯಿರಿ.

ಸ್ಪೀಕರ್ ಹಾಡುವವರ ಹತ್ತಿರ ಇರಲಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಸ್ಪೀಕರ್ ಕ್ಯಾಮೆರಾ ಬಳಿ, ಹುಡುಗ 34 ಮೀಟರ್ ದೂರ ಎಂದಾದರೆ ಅವನಿಗೆ ಹಾಡು ತಲುಪುವುದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಎರಡೂವರೆ ಫ್ರೇಮ್. ಕ್ಯಾಮೆರಾ ಮೈಕಿನ ಧ್ವನಿಗೆ ಕಣ್ಣುಮುಚ್ಚಿ ಹೊಂದಿಸಿದರೆ ತುಟಿ ಹಿಂದೆ ಬೀಳುತ್ತದೆ. ದೂರದ ಶಾಟ್‌ಗಳನ್ನು ಎಡಿಟಿಂಗ್‌ನಲ್ಲಿ ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚುವುದನ್ನು ಕಣ್ಣಿಂದಲೇ ನೋಡಿ ಕೂರಿಸಬೇಕು.

ಸ್ಲೋ ಮೋಷನ್‌ನಲ್ಲಿ ತುಟಿ ಹೊಂದಬೇಕಾದರೆ 50 ಫ್ರೇಮಿನಲ್ಲಿ ತೆಗೆದು 25ಕ್ಕೆ ಇಳಿಸಿ. ಶೂಟಿಂಗ್ ವೇಳೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ. 96 ಬೀಟಿನ ಹಾಡು 192 ಆಗುತ್ತದೆ, ಹುಡುಗ ಮನೆಯಲ್ಲಿ ಅಭ್ಯಾಸ ಮಾಡದೆ ಬಂದರೆ ನಾಲಗೆ ತೊಡರುತ್ತದೆ. ಫೋನಿನಲ್ಲಿ 25 ಇಲ್ಲದಿದ್ದರೆ 60ರಿಂದ 30ಕ್ಕೆ ಇಳಿಸಿ, ಅದೂ ಎರಡು ಪಟ್ಟೇ. ಎರಡೂ ವೇಗದ ಫೈಲುಗಳನ್ನು, ಮುಂದೆ ನಾಲ್ಕು ಬೀಟ್ ಟಿಕ್ ಸೇರಿಸಿ, ಎರಡು ಫೋನುಗಳಲ್ಲಿ ಇಟ್ಟುಕೊಳ್ಳಿ. ಹಳ್ಳಿಯಲ್ಲಿ ನೆಟ್‌ವರ್ಕ್ ನಂಬಿ ಆನ್‌ಲೈನ್‌ನಿಂದ ಹಾಡು ಹಾಕುತ್ತೇವೆ ಎಂದು ಹೊರಡಬೇಡಿ.

ಹಳ್ಳಿಯ ಮಕ್ಕಳ ವಿಷಯ ಒಂದು ಮಾತು. ಓಡಿಸಿದಷ್ಟೂ ಹತ್ತಿರ ಬರುತ್ತಾರೆ. ಮೊದಲ ಹತ್ತು ನಿಮಿಷ ಅವರನ್ನೇ ನಿಲ್ಲಿಸಿ ಒಂದು ಶಾಟ್ ತೆಗೆದು ತೋರಿಸಿಬಿಡಿ, ಅರ್ಧ ಜನ ಸಮಾಧಾನವಾಗಿ ಹೋಗುತ್ತಾರೆ. ಆ ಶಾಟ್ ವಿಡಿಯೊದಲ್ಲಿ ಬಳಸುವುದಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು.

ಶೂಟಿಂಗ್‌ಗೆ ಮುಂಚೆ ಒಂದು ಸಲ ನೋಡಿ

ಲೊಕೇಶನ್ ನೋಡಲು ಹೋದಾಗಲೇ ತಂಡದವರನ್ನು ಪಾತ್ರಗಳ ಜಾಗದಲ್ಲಿ ನಿಲ್ಲಿಸಿ, ಪ್ರತಿ ಶಾಟ್‌ಗೂ ಫೋನಿನಲ್ಲಿ ಒಂದು ಸ್ಥಿರಚಿತ್ರ ತೆಗೆದುಕೊಂಡು ಬನ್ನಿ. ಅವ್ವನ ಜಾಗದಲ್ಲಿ ಮೀಸೆ ಹೊತ್ತ ಕ್ಯಾಮೆರಾಮನ್ ನಿಂತಿದ್ದರೂ ಅಡ್ಡಿಯಿಲ್ಲ. ಆ ಅರವತ್ತು ಫೋಟೊಗಳನ್ನು ಯಾವುದಾದರೂ ಉಚಿತ ಎಡಿಟಿಂಗ್ ಆ್ಯಪಿನಲ್ಲಿ ಹಾಡಿನ ಮೇಲೆ ಜೋಡಿಸಿ: ಪಲ್ಲವಿಯಲ್ಲಿ ಎರಡು ಬಾರ್‌ಗೊಂದು, ಬಿಜಿಎಂನಲ್ಲಿ ಬಾರ್‌ಗೊಂದು. ಒಂದು ಸಂಜೆಯ ಕೆಲಸ. ವಿಡಿಯೊದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಅದನ್ನು ತೋರಿಸಿ, ಬ್ಯಾಗು ಯಾರಿಂದ ಯಾರಿಗೆ ಹೋಯಿತು ಎಂದು ಕೇಳಿ. ಉತ್ತರ ತಪ್ಪಿದರೆ ಅವ್ವ ಬ್ಯಾಗ್ ಕೊಡುವ, ಹುಡುಗ ತೆಗೆದುಕೊಳ್ಳುವ ಎರಡು ಶಾಟ್‌ಗಳ ನಡುವೆ ಕಂಡಕ್ಟರ್ ಸೀಟಿನ ಕೆಳಗೆ ಬ್ಯಾಗ್ ತಳ್ಳುವ ಒಂದು ಶಾಟ್ ಕಡಿಮೆಯಿದೆ ಎಂದು ಅರ್ಥ. ಚ2ರಲ್ಲಿ ಖಾಲಿ ಬಿದ್ದರೆ ಹೊಸ ಜಾಗ ಹುಡುಕಲು ಹೊರಡಬೇಡಿ. ಹುಡುಗ ಖಾಲಿ ಡಬ್ಬಿ ತೊಳೆದು, ಬೋರಲು ಹಾಕಿ ಒಣಗಿಸಿ, ಅದರೊಳಗೆ ಏನೋ ಇಟ್ಟು ವಾಪಸ್ ಬಸ್ಸಿಗೆ ಕೊಡುವುದು ಇನ್ನೂ ಬಾಕಿ ಇದೆ: ತಾರಸಿ, ಕಾರಿಡಾರು, ಬಸ್ಸಿನ ಮೆಟ್ಟಿಲು, ಮೂರೂ ನಿಮ್ಮ ಪಟ್ಟಿಯಲ್ಲಿ ಆಗಲೇ ಇವೆ.